ಚೆಂಡಿಲ್ಲದವನ ಆಟ

ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡಿನ ಕವಲುದಾರಿಗಳಲ್ಲಿ ಅರ್ಜೆಂಟೀನಾದ ಒಂದು ಧ್ವಜ, ಅದರೆದುರಿಗೆ ಬ್ರೆಜಿಲಿನ ಒಂದು ಧ್ವಜ ಏಳುವುದು ಹೊಸ ಸಂಗತಿಯೇನಲ್ಲ. ಕ್ಲಬ್ಬಿನ ಅಂಗಳದಲ್ಲಿ ಪರದೆ ಕಟ್ಟಿ ನಡುರಾತ್ರಿಯವರೆಗೂ ಪಂದ್ಯ ನೋಡುವವರಲ್ಲಿ ಹುಡುಗರು ಮಾತ್ರವಲ್ಲ, ಮನೆಯ ಹಿರಿಯರೂ ಇರುತ್ತಾರೆ. ಹಾಗೆ ನೋಡಿದ ಹೆತ್ತವರು ಮರುದಿನ ಶಾಲೆಯ ಬಳಿ ಸಿಕ್ಕಿದಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಅಲ್ಲ ಮಾಷ್ಟ್ರೇ, ಗೋಲು ಹೊಡೆಯಬೇಕಾದ್ದು ಆ ತುದಿಗೆ. ಇವರು ಚೆಂಡನ್ನು ಹಿಂದಕ್ಕೆ ತಮ್ಮದೇ ಗೋಲ್‌ಕೀಪರನಿಗೆ ಯಾಕೆ ಕೊಡುವುದು? ಇದೆಂಥ ಆಟ?"

ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹೇಳಬೇಕಾದರೆ ಚೆಂಡನ್ನು ಬಿಟ್ಟು ಉಳಿದವರನ್ನು ನೋಡಬೇಕಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಪಂದ್ಯ 90 ನಿಮಿಷ, ಮೈದಾನದಲ್ಲಿರುವವರು 22 ಮಂದಿ. ಚೆಂಡು ಒಂದು ಕ್ಷಣವೂ ಸುಮ್ಮನಿರದೆ ಯಾರಾದರೊಬ್ಬರ ಕಾಲಲ್ಲೇ ಇತ್ತೆಂದು ಇಟ್ಟುಕೊಂಡರೂ ಒಬ್ಬೊಬ್ಬನ ಪಾಲಿಗೆ ಬರುವುದು ಸರಾಸರಿ ನಾಲ್ಕು ನಿಮಿಷ. ಉಳಿದ 86 ನಿಮಿಷ ಅವನು ಚೆಂಡಿಲ್ಲದೆ ಎಲ್ಲಿ ನಿಲ್ಲುತ್ತಾನೆ, ಎತ್ತ ಸರಿಯುತ್ತಾನೆ ಎಂಬುದರಲ್ಲಿಯೇ ಅವನ ಆಟವಿದೆ. ಕಾಲ್ಚಳಕವನ್ನು ಎಲ್ಲರೂ ಮೆಚ್ಚುತ್ತಾರೆ. ನಿಲ್ಲುವ ಜಾಗವನ್ನು ಮೆಚ್ಚುವವರು ಕಡಿಮೆ.

ಇನ್ನೊಂದು ಲೆಕ್ಕ ಜಾಗದ್ದು. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 176 ಸೆಂಟ್ಸ್ ಜಾಗ. 22 ಜನರಿಗೆ ಹಂಚಿದರೆ ತಲೆಗೆ ಎಂಟು ಸೆಂಟ್ಸ್. ಸಣ್ಣ ಮನೆಯೊಂದನ್ನು ಕಟ್ಟಿ ಬಾವಿ ತೋಡುವಷ್ಟು ಧಾರಾಳ! ಆದರೆ ಚೆನ್ನಾಗಿ ಕಲಿತ ಎದುರಾಳಿ ತಂಡ ಇಷ್ಟು ಜಾಗ ಬಿಟ್ಟುಕೊಡುವುದಿಲ್ಲ. ಅದರ ಹಿಂದಿನ ಸಾಲು ಮುಂದಕ್ಕೂ ಮುಂದಿನ ಸಾಲು ಹಿಂದಕ್ಕೂ ಸರಿದು ಆಟವನ್ನೆಲ್ಲ ಒಂದು ಪಟ್ಟಿಯೊಳಗೆ ಅದುಮಿಬಿಡುತ್ತದೆ. ಇಟಲಿಯ ಮಿಲಾನ್ ತಂಡಕ್ಕೆ 1987ರಿಂದ 1991ರವರೆಗೆ ತರಬೇತುದಾರನಾಗಿದ್ದ ಅರಿಗೊ ಸಾಕ್ಕಿ ತನ್ನ ಕೊನೆಯ ಬ್ಯಾಕಿಗೂ ಮುಂಚೂಣಿಯವನಿಗೂ ನಡುವೆ ಸುಮಾರು 25 ಮೀಟರಿಗಿಂತ ಹೆಚ್ಚು ಅಂತರ ಬಿಡಬಾರದೆಂದು ಹಟ ಹಿಡಿದವನು. ಅಷ್ಟು ಬಿಗಿ ಬೇಡ, 35 ಮೀಟರಿನ ಪಟ್ಟಿಯೆಂದೇ ಇಟ್ಟುಕೊಳ್ಳೋಣ. ಗೋಲ್‌ಕೀಪರರನ್ನು ಬಿಟ್ಟು ಉಳಿದ 20 ಮಂದಿ ಅದರೊಳಗೆ ಸೇರಿದರೆ ತಲೆಗೆ ಮೂರು ಸೆಂಟ್ಸೂ ದಕ್ಕದು. ಇಂಥ ಇಕ್ಕಟ್ಟಿನಲ್ಲಿ ಚೆಂಡನ್ನು ಮುಂದಕ್ಕೆ ಒಯ್ಯುವುದು ಹೇಗೆ? ಎದುರಾಳಿಯನ್ನು ಹಿಗ್ಗಿಸಿ, ಎಳೆದು, ಅವನ ಸಾಲುಗಳ ನಡುವೆ ಕಿಂಡಿ ತೆರೆಯಬೇಕು. ಹಿಂದಕ್ಕೆ ಕೊಟ್ಟ ಪಾಸ್ ಮಾಡುವ ಕೆಲಸ ಇದು. ಚೆಂಡು ಗೋಲ್‌ಕೀಪರನ ಕಾಲಿಗೆ ಹೋದಾಗ ಎದುರಾಳಿಗೆ ಆಸೆ ಹುಟ್ಟುತ್ತದೆ. ಅವನು ಮುಂದೆ ಬರುತ್ತಾನೆ. ಅವನು ಬಂದಷ್ಟೂ ಅವನ ಬೆನ್ನ ಹಿಂದೆ ಜಾಗ ಬಿಡುವಾಗುತ್ತದೆ.

ಇಲ್ಲಿ ಗೋಲ್‌ಕೀಪರನಿಗೆ ವಿಶೇಷ ಬೆಲೆಯುಂಟು. ಎದುರಾಳಿಯ ಗೋಲ್‌ಕೀಪರ್ ತನ್ನ ಮನೆ ಬಿಟ್ಟು ಬರಲಾರ. ಆದುದರಿಂದ ಚೆಂಡಿರುವ ತಂಡ ತನ್ನ ಗೋಲ್‌ಕೀಪರನನ್ನೂ ಆಟಗಾರನನ್ನಾಗಿ ಬಳಸಿದರೆ ಹನ್ನೊಂದು ಮಂದಿಗೆ ಎದುರಾಗಿ ಹತ್ತೇ ಮಂದಿ. ಎಲ್ಲಿಯೋ ಒಬ್ಬ ಬಿಡುವಾಗಿ ಇದ್ದೇ ಇರುತ್ತಾನೆ. ಆ ಒಬ್ಬನನ್ನು ಹುಡುಕಿ ಚೆಂಡು ಮುಟ್ಟಿಸುವುದೇ ಹಿಂದಿನಿಂದ ಆಟ ಕಟ್ಟುವುದರ ತಿರುಳು. ನಿಯಮಗಳೂ ಇದಕ್ಕೆ ಅನುಕೂಲವಾಗಿಯೇ ಬದಲಾಗಿವೆ. 1992ರಲ್ಲಿ, ಜತೆಯವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯಬಾರದೆಂದಾಯಿತು. ಅಂದಿನಿಂದ ಅವನೂ ಕಾಲಿನ ಆಟ ಕಲಿಯಬೇಕಾಯಿತು. 2019ರಲ್ಲಿ, ಗೋಲ್‌ಕಿಕ್ ಹೊಡೆದಾಗ ಚೆಂಡು ಪೆನಾಲ್ಟಿ ಚೌಕದ ಹೊರಗೆ ಹೋಗಲೇಬೇಕೆಂಬ ಕಟ್ಟು ತೆಗೆದುಹಾಕಲಾಯಿತು. ಇಬ್ಬರು ಬ್ಯಾಕುಗಳು ಗೋಲ್‌ಕೀಪರನ ಎಡಬಲಕ್ಕೆ ಚೌಕದೊಳಗೇ ನಿಂತು ಚೆಂಡು ತೆಗೆದುಕೊಳ್ಳುವುದನ್ನು ಈಗ ನೀವು ನೋಡುವುದು ಈ ಕಾರಣದಿಂದ.

ಜಾಗದ ಈ ವಿಚಾರ ಹಳೆಯದು. 1925ರಲ್ಲಿ ಆಫ್‌ಸೈಡ್ ನಿಯಮವನ್ನು ಸಡಿಲಿಸಿ, ಮುಂದಿನವನಿಗೂ ಗೋಲಿಗೂ ನಡುವೆ ಮೂವರ ಬದಲು ಇಬ್ಬರು ಎದುರಾಳಿಗಳಿದ್ದರೆ ಸಾಕೆಂದು ಮಾಡಿದರು. ಮುಂದಿನವರಿಗೆ ಒಮ್ಮೆಲೇ ಜಾಗ ಸಿಕ್ಕಿತು, ಗೋಲುಗಳ ಮಳೆ ಸುರಿಯಿತು. ಆ ವರ್ಷವೇ ಆರ್ಸೆನಲ್ ತಂಡಕ್ಕೆ ಬಂದ ಹರ್ಬರ್ಟ್ ಚಾಪ್‌ಮನ್, ನ್ಯೂಕಾಸಲ್ ಎದುರು 7–0 ಸೋತ ಬಳಿಕ, ನಡುವಿನ ಹಾಫನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸಿದ. ಒಬ್ಬನು ಹತ್ತು ಗಜ ಹಿಂದೆ ನಿಂತದ್ದಕ್ಕೆ ಇಂಗ್ಲೆಂಡಿನ ಆಟವೇ ಮುಂದಿನ ಮೂವತ್ತು ವರ್ಷ ಆ ಅಚ್ಚಿನಲ್ಲಿ ನಡೆಯಿತು.

ಆ ಅಚ್ಚು ಒಡೆದದ್ದು 1953ರ ನವೆಂಬರ್ 25ರಂದು, ಲಂಡನಿನ ವೆಂಬ್ಲಿಯಲ್ಲಿ. ಕಾಲ್ಚೆಂಡಾಟದ ಕಥೆಗಳಲ್ಲಿ ನಮಗೆ ಇದರಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ. ಹಂಗೆರಿ ತಂಡದ 9ನೆಯ ಅಂಗಿ ತೊಟ್ಟವನು ನಾಂದೋರ್ ಹಿದೆಗ್‌ಕುಟಿ. 9 ಎಂದರೆ ಮುಂಚೂಣಿಯ ನಡುವಿನವನು. ಅವನನ್ನು ಕಾಯಬೇಕಾದವನು ಇಂಗ್ಲೆಂಡಿನ ನಡುಹಾಫ್ ಹ್ಯಾರಿ ಜಾನ್‌ಸ್ಟನ್. ಆದರೆ ಹಿದೆಗ್‌ಕುಟಿ ಮುಂದೆ ನಿಲ್ಲಲೇ ಇಲ್ಲ. ಮೈದಾನದ ನಡುವಿಗೆ ಹಿಂದೆ ಸರಿದು ನಿಂತ. ಈಗ ಜಾನ್‌ಸ್ಟನ್ ಏನು ಮಾಡಬೇಕು? ಅವನನ್ನು ಹಿಂಬಾಲಿಸಿ ಹೋದರೆ ಬೆನ್ನ ಹಿಂದೆ ಬಾಗಿಲು ತೆರೆದಂತೆ, ಪುಷ್ಕಾಶ್ ಮತ್ತು ಕೋಚಿಶ್ ಅಲ್ಲಿಂದ ನುಗ್ಗುತ್ತಾರೆ. ಹೋಗದೆ ನಿಂತರೆ ಹಿದೆಗ್‌ಕುಟಿ ಯಾರ ತಂಟೆಯೂ ಇಲ್ಲದೆ ಚೆಂಡು ಹಿಡಿದು, ತಿರುಗಿ, ಬೇಕಾದವನಿಗೆ ಕೊಡುತ್ತಾನೆ. ಮೊದಲ ನಿಮಿಷದಲ್ಲಿಯೇ ಹಿದೆಗ್‌ಕುಟಿ ಗೋಲು ಹೊಡೆದ. ಒಟ್ಟು ಮೂರು ಹೊಡೆದ. ಪಂದ್ಯ 6–3. ಮರುವರ್ಷ ಮೇ ತಿಂಗಳಲ್ಲಿ ಬುಡಾಪೆಸ್ಟಿನಲ್ಲಿ 7–1. ಜಾನ್‌ಸ್ಟನ್ ಕೆಟ್ಟ ಆಟಗಾರನಾಗಿರಲಿಲ್ಲ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ನಷ್ಟವೇ ಆಗುವಂಥ ಜಾಗದಲ್ಲಿ ಅವನನ್ನು ಸಿಕ್ಕಿಸಿದ್ದರು, ಅಷ್ಟೆ.

ಎದುರಾಳಿಯನ್ನು ಇಂಥ ಇಬ್ಬಂದಿಗೆ ದೂಡುವ ಕಲೆಯನ್ನು ಹಾಲೆಂಡಿನವರು ಮುಂದುವರಿಸಿದರು. ರೀನುಸ್ ಮಿಶೆಲ್ಸ್ ಕಟ್ಟಿದ ಆಯಾಕ್ಸ್ ತಂಡ 1971, 1972, 1973ರಲ್ಲಿ ಸಾಲಾಗಿ ಯುರೋಪಿಯನ್ ಕಪ್ ಗೆದ್ದಿತು; ಕೊನೆಯ ಎರಡು ಗೆಲುವಿನ ಹೊತ್ತಿಗೆ ಮಿಶೆಲ್ಸ್ ಬೇರೆಡೆಗೆ ಹೋಗಿದ್ದರೂ ಕಟ್ಟಡ ಅವನದೇ. 1974ರ ಜುಲೈ 7ರಂದು ಮ್ಯೂನಿಕ್‌ನಲ್ಲಿ ವಿಶ್ವಕಪ್ ಫೈನಲ್ ಆರಂಭವಾದಾಗ ಮೊದಲ ಒದೆತ ಹಾಲೆಂಡಿನದು. ಚೆಂಡು ಕಾಲಿನಿಂದ ಕಾಲಿಗೆ ಅವಸರವಿಲ್ಲದೆ ಹಿಂದೆ ಮುಂದೆ ಸಾಗಿತು. ಮುಂಚೂಣಿಯವನಾದ ಯೊಹಾನ್ ಕ್ರೈಫ್ ತನ್ನ ತಂಡದ ಎಲ್ಲರಿಗಿಂತ ಹಿಂದೆ ಬಂದು ಚೆಂಡು ತೆಗೆದುಕೊಂಡ. ಅಲ್ಲಿಂದ ತೆರೆದ ಜಾಗಕ್ಕೆ ನುಗ್ಗಿ ಚೌಕ ಮುಟ್ಟುವಷ್ಟರಲ್ಲಿ ಹೋನೆಸ್ ಕಾಲಡ್ಡ ಹಾಕಿದ. ಪೆನಾಲ್ಟಿ. ನೀಸ್ಕೆನ್ಸ್ ಗೋಲು ಹೊಡೆದ. ಅಷ್ಟರವರೆಗೆ ಒಬ್ಬನೇ ಒಬ್ಬ ಜರ್ಮನ್ ಆಟಗಾರನ ಕಾಲು ಚೆಂಡಿಗೆ ತಾಗಿರಲಿಲ್ಲ! ಜರ್ಮನಿಯ ಗೋಲ್‌ಕೀಪರ್ ಚೆಂಡನ್ನು ಬಲೆಯಿಂದ ಹೆಕ್ಕಿದ್ದೇ ಮೊದಲ ಸ್ಪರ್ಶ. ಪಂದ್ಯವನ್ನು ಕೊನೆಗೆ 2–1ರಿಂದ ಗೆದ್ದವರು ಪಶ್ಚಿಮ ಜರ್ಮನಿಯವರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಕ್ರೈಫ್ 1988ರಿಂದ 1996ರವರೆಗೆ ಸ್ಪೇನಿನ ಬಾರ್ಸಿಲೋನಾಕ್ಕೆ ತರಬೇತುದಾರನಾದ. ಅವನ ಕೈಕೆಳಗೆ ಆಡಿದ ಪೆಪ್ ಗ್ವಾರ್ಡಿಯೋಲಾ 2008ರಲ್ಲಿ ಅದೇ ಕ್ಲಬ್ಬಿನ ತರಬೇತುದಾರನಾದಾಗ ಜಾಗದ ಪಾಠ ಬಹಳ ಕಟ್ಟುನಿಟ್ಟಾಯಿತು. ಅವನು ಅಭ್ಯಾಸದ ಮೈದಾನದಲ್ಲಿ ಗೆರೆ ಎಳೆಸಿ ಅದನ್ನು ಅಂಕಣಗಳಾಗಿ ಹಂಚುವವನು. ಒಂದೇ ಅಡ್ಡಸಾಲಿನಲ್ಲಿ ಮೂವರಿಗಿಂತ ಹೆಚ್ಚು, ಒಂದೇ ಉದ್ದಸಾಲಿನಲ್ಲಿ ಇಬ್ಬರಿಗಿಂತ ಹೆಚ್ಚು ನಿಲ್ಲಬಾರದೆಂಬುದು ಅವನ ಪದ್ಧತಿಯ ಪ್ರಸಿದ್ಧ ನಿಯಮ. ಒಬ್ಬನು ಜಾಗ ಬದಲಿಸಿದರೆ ಇನ್ನೊಬ್ಬನೂ ಸರಿಯಬೇಕು. ಇದರ ಹಿಂದಿರುವುದು ನಾವು ಎಂಟನೆಯ ತರಗತಿಯಲ್ಲಿ ಕಲಿಸುವ ರೇಖಾಗಣಿತವೇ. ಮೂವರು ಒಂದೇ ಗೆರೆಯಲ್ಲಿ ನಿಂತರೆ ನಡುವೆ ನಿಂತ ಒಬ್ಬ ಎದುರಾಳಿ ಇಬ್ಬರ ದಾರಿಯನ್ನು ಕಟ್ಟಬಲ್ಲ. ಅವರೇ ತ್ರಿಕೋನವಾಗಿ ನಿಂತರೆ ಚೆಂಡಿರುವವನಿಗೆ ಯಾವಾಗಲೂ ಎರಡು ದಾರಿಗಳುಂಟು. ಎದುರಾಳಿ ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ತನ್ನ ಹಿಂದಿರುವವನನ್ನು ಎದುರಾಳಿ ಮರೆಮಾಡಿದ್ದಾನೆ ಎಂದಾದರೆ ಚೆಂಡನ್ನು ಪಕ್ಕದವನಿಗೆ ಕೊಡುವುದು, ಪಕ್ಕದವನು ಒಂದೇ ಸ್ಪರ್ಶದಲ್ಲಿ ಆ ಮರೆಯಲ್ಲಿರುವವನಿಗೆ ಮುಟ್ಟಿಸುವುದು. ಈ ಮೂರನೆಯವನನ್ನು ತಡೆಯುವುದು ಬಲು ಕಷ್ಟ, ಏಕೆಂದರೆ ಎದುರಾಳಿಯ ಕಣ್ಣು ಚೆಂಡಿನ ಮೇಲಿರುತ್ತದೆ.

ಅಂತರ ಎಷ್ಟಿರಬೇಕೆಂಬುದಕ್ಕೂ ಲೆಕ್ಕವಿದೆ. ನೆಲದ ಮೇಲಿನ ಪಾಸ್ ಸೆಕೆಂಡಿಗೆ 15 ಮೀಟರ್ ಹೋಗುತ್ತದೆಂದು ಇಟ್ಟುಕೊಳ್ಳೋಣ. 30 ಮೀಟರ್ ದೂರದವನಿಗೆ ಕೊಟ್ಟರೆ ಚೆಂಡು ದಾರಿಯಲ್ಲಿರುವುದು ಎರಡು ಸೆಕೆಂಡ್. ಅಷ್ಟರಲ್ಲಿ ಚುರುಕಾದ ಎದುರಾಳಿ ಹದಿನಾಲ್ಕು ಮೀಟರ್ ಓಡಿ ಬಂದು ಎದೆಗೆ ಎದೆ ಕೊಟ್ಟಿರುತ್ತಾನೆ. ಹಾಗೆಂದು ಐದು ಮೀಟರಿಗೆ ನಿಂತರೆ ಒಬ್ಬ ಎದುರಾಳಿಯೇ ಇಬ್ಬರನ್ನೂ ಕಾಯುತ್ತಾನೆ. ಹತ್ತು ಹದಿನೈದು ಮೀಟರ್ ಎಂಬುದು ನಡುದಾರಿ. ಆಗಲೂ ಒಬ್ಬಿಬ್ಬರು ಎರಡೂ ಬದಿಯ ಗೆರೆ ಕಚ್ಚಿ ನಿಂತಿರಲೇಬೇಕು. ಅವರಿಗೆ ಹತ್ತು ನಿಮಿಷ ಚೆಂಡು ಬಾರದಿರಬಹುದು. ಆದರೂ ಅವರು ಅಲ್ಲಿರುವುದರಿಂದಲೇ ಎದುರಾಳಿಯ ಸಾಲು ಹಿಗ್ಗಿ ನಡುವೆ ಜಾಗವಾಗುತ್ತದೆ.

2009ರ ಮೇ 2ರಂದು ಮಾಡ್ರಿಡ್‌ನಲ್ಲಿ ರಿಯಲ್ ಮಾಡ್ರಿಡ್ ವಿರುದ್ಧ ಬಾರ್ಸಿಲೋನಾ 6–2ರಿಂದ ಗೆದ್ದಾಗ ಬಲಬದಿಯ ಮೆಸ್ಸಿಯನ್ನು ನಡುವಿಗೆ ತಂದು, ನಡುವಿನ ಎಟೂನನ್ನು ಬಲಬದಿಗೆ ಕಳುಹಿಸಿದ್ದರು. ಮೆಸ್ಸಿ ಮುಂದೆ ನಿಲ್ಲದೆ ಹಿಂದೆ ಸರಿದ. ಮಾಡ್ರಿಡ್‌ನ ಬ್ಯಾಕುಗಳಿಗೆ ಜಾನ್‌ಸ್ಟನ್‌ನ ಇಬ್ಬಂದಿಯೇ ಎದುರಾಯಿತು. ಐವತ್ತೈದು ವರ್ಷಗಳ ಬಳಿಕವೂ ಉತ್ತರ ಸಿಕ್ಕಿರಲಿಲ್ಲ.

ಈ ವಿದ್ಯೆ ನಮ್ಮ ಹತ್ತಿರಕ್ಕೂ ಬಂದಿದೆ. ಬಾರ್ಸಿಲೋನಾದಲ್ಲಿ ಸಹಾಯಕ ತರಬೇತುದಾರನಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ. ಆ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ತಲಪಿತು. ಅವನ ಬಳಿಕ ಬಂದ ಕಾರ್ಲೆಸ್ ಕ್ವಾದ್ರಾತ್ ಕೈಯಲ್ಲಿ 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಕಿರೀಟ ಬಂತು. ತಮಾಷೆಯೆಂದರೆ ಆ ಫೈನಲನ್ನು ಗೆಲ್ಲಿಸಿದ್ದು ಕಾರ್ನರ್‌ನಿಂದ ಬಂದ ಒಂದು ತಲೆಚೆಂಡು. ನಮ್ಮ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಫೈನಲಿನಲ್ಲಿ ಕೇರಳಕ್ಕೆ ಹೊಡೆದ ಗೋಲೂ ಕಾರ್ನರ್‌ನ ತಲೆಚೆಂಡೇ. ಎಷ್ಟು ಜಾಣತನದಿಂದ ಆಟ ಕಟ್ಟಿದರೂ ತಲೆಗೆ ಸಿಕ್ಕಿದ ಚೆಂಡು ಕೆಲಸ ಮುಗಿಸಿಬಿಡುವುದುಂಟು.

ಪಾಸ್ ಕೊಡುವುದೇ ಪುಣ್ಯವೆಂದು ತಿಳಿಯುವುದೂ ಸರಿಯಲ್ಲ. 2018ರ ವಿಶ್ವಕಪ್‌ನಲ್ಲಿ ಸ್ಪೇನ್ ತಂಡ ರಷ್ಯಾದ ಎದುರು ಸಾವಿರಕ್ಕೂ ಮೀರಿ ಪಾಸ್ ಕೊಟ್ಟು, 1–1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಯಿತು. ಚೆಂಡು ಓಡಾಡಿತು, ರಷ್ಯದವರ ಸಾಲು ಮಾತ್ರ ಕದಲಲಿಲ್ಲ. ಎದುರಾಳಿಯನ್ನು ಜಾಗ ಬಿಡಿಸದ ಪಾಸ್ ಬರಿಯ ಕಾಲಹರಣ ಎಂದೇ ನಮ್ಮ ಅಭಿಪ್ರಾಯ.

ಇನ್ನು ನಮ್ಮ ಮಕ್ಕಳ ಮಾತು. ಇಲ್ಲಿಯ ಹುಡುಗರು ಬೆಳೆಯುವುದು ಕೊಯ್ಲು ಮುಗಿದ ಗದ್ದೆಗಳಲ್ಲಿ, ಏಳು ಮಂದಿಯ ಸೆವೆನ್ಸ್ ಆಟದಲ್ಲಿ. ಅದರಲ್ಲಿ ಗಟ್ಟಿ ಮೈ, ವೇಗ, ಇಬ್ಬರನ್ನು ದಾಟುವ ಧೈರ್ಯ ಎಲ್ಲ ಬರುತ್ತದೆ. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಹನ್ನೊಂದು ಮಂದಿಯ ಆಟಕ್ಕೆ ಇಳಿದೊಡನೆ ಮಾತ್ರ ಒಂಬತ್ತು ಮಂದಿ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿನ ಸುತ್ತ ಸೇರುತ್ತಾರೆ. ನಾವು ಶಾಲೆಯಲ್ಲಿ ಸುಣ್ಣದ ಗೆರೆ ಎಳೆದು ನಾಲ್ವರನ್ನು ಹೊರಗೆ, ಇಬ್ಬರನ್ನು ಒಳಗೆ ನಿಲ್ಲಿಸಿ ಚೆಂಡು ಕಸಿಯುವ ಆಟ ಆಡಿಸುತ್ತೇವೆ. ಕೊಟ್ಟವನು ಕೊಟ್ಟಲ್ಲೇ ನಿಲ್ಲಬಾರದು, ಎರಡು ಹೆಜ್ಜೆ ಸರಿಯಬೇಕು; ಅದೊಂದೇ ಕಟ್ಟಳೆ. ಓಟದಲ್ಲಿ ಹಿಂದೆ ಬೀಳುವ, ಯಾರ ಪಾಳಿಯಲ್ಲಿಯೂ ಮೊದಲು ಹೆಸರು ಬಾರದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಈ ಆಟದಲ್ಲಿ ಎಲ್ಲರಿಗಿಂತ ಮೇಲಾದ. ಚೆಂಡು ಬರುವ ಮೊದಲೇ ಅವನು ಹೆಗಲ ಮೇಲಿಂದ ಹಿಂದೆ ನೋಡಿರುತ್ತಾನೆ, ಮೈಯನ್ನು ಓರೆಯಾಗಿ ತಿರುಗಿಸಿ ನಿಂತಿರುತ್ತಾನೆ. ಅವನನ್ನೀಗ ಬ್ಯಾಕುಗಳ ಮುಂದೆ ನಡುವಿನಲ್ಲಿ ಆಡಿಸುತ್ತಿದ್ದೇವೆ.

ಕಷ್ಟವಿರುವುದು ಗೆರೆಯ ಹೊರಗೆ. ಅವನು ಚೆಂಡನ್ನು ಹಿಂದಕ್ಕೆ ಕೊಟ್ಟರೆ ಸಾಕು, ಸುತ್ತ ನಿಂತವರು "ಅಡಿಕ್ಕೆಡಾ!" ಎಂದು ಬೊಬ್ಬೆ ಹಾಕುತ್ತಾರೆ. ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ಒಂದೇ ಅಪ್ಪಣೆ, ಹೊಡಿ! ಹದಿನಾಲ್ಕರ ಹುಡುಗ ಹೆದರಿ ಆಕಾಶಕ್ಕೆ ಹೊಡೆಯುತ್ತಾನೆ, ಚೆಂಡು ಎದುರಾಳಿಯ ಪಾಲಾಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಹೆತ್ತವರಲ್ಲಿ ನಮ್ಮ ಕೋರಿಕೆ ಇಷ್ಟೇ, ದಯವಿಟ್ಟು ಅವನಿಗೆ ಎರಡು ಸೆಕೆಂಡ್ ಕೊಡಿ. ನಮ್ಮ ಮುರಕಲ್ಲಿನ ಮೈದಾನದಲ್ಲಿ ಚೆಂಡು ಕುಪ್ಪಳಿಸುತ್ತದೆ, ಮಳೆಗಾಲದಲ್ಲಿ ಹೊಂಡದ ನೀರಿಗೆ ಸಿಕ್ಕಿ ನಿಲ್ಲುತ್ತದೆ ಎಂಬುದು ನಮಗೂ ಗೊತ್ತು. ಅಂಥ ದಿನ ಉದ್ದಕ್ಕೆ ಹೊಡೆಯಿರೆಂದು ನಾವೇ ಹೇಳುತ್ತೇವೆ.

ಕಳೆದ ಪಂದ್ಯಾಟದಲ್ಲಿ ಅವನು ಒಮ್ಮೆ ಬೊಬ್ಬೆಯನ್ನು ಕೇಳಿಸಿಕೊಳ್ಳಲಿಲ್ಲ. ಮುಂದೆ ಇಬ್ಬರು ಎದುರಾಳಿಗಳು ಬರುತ್ತಿದ್ದಂತೆ ಚೆಂಡನ್ನು ಗೋಲ್‌ಕೀಪರನಿಗೆ ಹಿಂದೆ ಕೊಟ್ಟು ತಾನು ಬಲಕ್ಕೆ ಹತ್ತು ಹೆಜ್ಜೆ ಸರಿದ. ಇಬ್ಬರೂ ಗೋಲ್‌ಕೀಪರನತ್ತ ಓಡಿದರು. ಗೋಲ್‌ಕೀಪರ್ ಎಡಬ್ಯಾಕಿಗೆ ಕೊಟ್ಟ, ಎಡಬ್ಯಾಕ್ ಒಂದೇ ಸ್ಪರ್ಶದಲ್ಲಿ ಅದನ್ನು ಇವನಿಗೆ ಮುಟ್ಟಿಸಿದ. ಎದುರಿಗೆ ಮೂವತ್ತು ಗಜ ಖಾಲಿ ನೆಲ. ಅಲ್ಲಿಂದ ಅವನು ಬದಿಯ ಗೆರೆ ಕಚ್ಚಿ ಕಾದಿದ್ದವನಿಗೆ ಕೊಟ್ಟ ಚೆಂಡು ಗೋಲಾಯಿತು. ಪಂದ್ಯ 1–1ರಲ್ಲಿ ಮುಗಿದು ಪೆನಾಲ್ಟಿಯಲ್ಲಿ ನಮ್ಮವರು ಸೋತರು.