ಸೊರಗಿದ ನಾಯಿಯ ಸಾಕಣೆ: ಕರುಣೆಗೂ ಒಂದು ಅಳತೆ

ನಾಯಿಯು ಮನುಷ್ಯನ ಬಾಗಿಲಿಗೆ ಬಂದು ಸಾವಿರಾರು ವರ್ಷಗಳು ಕಳೆದಿವೆ. ಹೊಲ, ಹಟ್ಟಿ, ಕುರಿದೊಡ್ಡಿಗಳನ್ನು ಕಾಯುವಲ್ಲಿ ಅದು ತೋರುವ ನಿಷ್ಠೆಯನ್ನು ಹೊಗಳದವರಿಲ್ಲ. ಆದರೆ ಹೊಗಳಿಕೆಗೂ ಹೊಣೆಗಾರಿಕೆಗೂ ಅಂತರ ಬಹಳ. ದೊಡ್ಡ ಜಾತಿಯ ನಾಯಿಗಳ ಪಾಲಿಗೆ ಈ ಅಂತರವು ಪ್ರಾಣಕ್ಕೇ ಎರವಾಗುವುದುಂಟು. ಮರಿಯಾಗಿದ್ದಾಗ ಮನೆಮಂದಿಯ ಮುದ್ದಿಗೆ ಪಾತ್ರವಾದ ಜೀವಿಯು ವರ್ಷ ತುಂಬುವಷ್ಟರಲ್ಲಿ ಎದೆಯೆತ್ತರ ಬೆಳೆದು ನಿಂತಾಗ, ಅದರ ಆಹಾರದ ವೆಚ್ಚ, ಓಟಕ್ಕೆ ಬೇಕಾದ ಬಯಲು, ಹಿಡಿದು ನಡೆಸಲು ಬೇಕಾದ ಬಲ ಇವೆಲ್ಲವೂ ಭಾರವಾಗಿ ತೋರುತ್ತವೆ. ಆಗ ಮೊದಲು ಸರಪಳಿ, ಆಮೇಲೆ ಹಿತ್ತಿಲ ಮೂಲೆ, ಕೊನೆಗೆ ಮರೆವು.

ನಮ್ಮ ನಾಡಿನ ಮುಧೋಳ ನಾಯಿಯನ್ನೇ ನೋಡಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಹೊರಬಂದಿತು. 2016ರಲ್ಲಿ ಭಾರತೀಯ ಸೇನೆಯು ಇದನ್ನು ತರಬೇತಿಗೆ ಆರಿಸಿಕೊಂಡಿತು. ಭುಜದವರೆಗೆ ಸುಮಾರು 70 ಸೆಂಟಿಮೀಟರ್ ಎತ್ತರ ಬೆಳೆಯುವ, ಬೇಟೆಯ ಓಟಕ್ಕೆಂದೇ ರೂಪುಗೊಂಡ ಈ ಪ್ರಾಣಿಯನ್ನು ನಾಲ್ಕು ಅಡಿ ಸರಪಳಿಯಲ್ಲಿ ಕಟ್ಟಿಹಾಕುವುದೆಂದರೆ ಅದರ ಹುಟ್ಟುಗುಣವನ್ನೇ ಕಟ್ಟಿಹಾಕಿದಂತೆ. ಸ್ವಭಾವತಃ ತೆಳ್ಳಗಿರುವ ಈ ತಳಿಯಲ್ಲಿ ಹಸಿವಿನ ಗುರುತು ಬೇಗ ಕಣ್ಣಿಗೆ ಬೀಳದು. ಪಕ್ಕೆಲುಬು ತುಸು ಕಂಡರೆ ದೋಷವಲ್ಲ. ತೊಡೆಯ ಮಾಂಸಖಂಡ ಕರಗಿ, ಬೆನ್ನುಮೂಳೆ ಮತ್ತು ಸೊಂಟದ ಎಲುಬುಗಳು ಎದ್ದು ನಿಂತಿದ್ದರೆ ಅದು ಉಪವಾಸದ ಲಕ್ಷಣ.

ಇಂತಹ ನಿರ್ಲಕ್ಷ್ಯವು ಕಾನೂನಿನ ದೃಷ್ಟಿಯಲ್ಲಿಯೂ ಅಪರಾಧ. ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದಿಂದ ಪ್ರೇರಣೆ ಪಡೆದು 1960ರಲ್ಲಿ ಅಂಗೀಕಾರಗೊಂಡ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಪ್ರಕರಣವು ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದನ್ನೂ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದನ್ನೂ, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದನ್ನೂ ಕ್ರೌರ್ಯವೆಂದೇ ಹೆಸರಿಸುತ್ತದೆ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ ಮಾತ್ರ. ದಂಡದ ಭಯಕ್ಕಿಂತ ನೆರೆಹೊರೆಯವರ ಎಚ್ಚರವೇ ಇಂತಹ ಜೀವಿಗಳಿಗೆ ಹೆಚ್ಚಿನ ರಕ್ಷಣೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸರಪಳಿ ಬಿಚ್ಚಿ ಮನೆಗೆ ಕರೆತಂದ ಮಾತ್ರಕ್ಕೆ ಉದ್ಧಾರ ಮುಗಿಯಿತೆಂದು ಭಾವಿಸುವುದು ಸಹಜ. ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದಲೇ. ಹಸಿದ ಪ್ರಾಣಿಯನ್ನು ಕಂಡು ಮರುಗಿದ ಮನಸ್ಸು ಮಾಡುವ ಮೊದಲ ಕೆಲಸವೆಂದರೆ ತಟ್ಟೆ ತುಂಬ ಅನ್ನ ಹಾಕುವುದು. ಅತ್ಯಂತ ಅಪಾಯಕಾರಿಯಾದುದೂ ಇದೇ. ದೀರ್ಘಕಾಲ ಉಪವಾಸವಿದ್ದ ಶರೀರವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ಬದುಕಿರುತ್ತದೆ. ಜೀವಕೋಶಗಳಲ್ಲಿನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಸಂಗ್ರಹ ಬರಿದಾಗಿರುತ್ತದೆ. ಒಮ್ಮೆಲೇ ಪಿಷ್ಟ ಪದಾರ್ಥಗಳು ಹೊಟ್ಟೆ ಸೇರಿದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಲವಣಗಳೂ ಕೋಶಗಳೊಳಗೆ ಸೆಳೆಯಲ್ಪಡುತ್ತವೆ. ಪರಿಣಾಮವಾಗಿ ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆ ಹೊಂದಿದ ಹಸಿದ ಸೆರೆಯಾಳುಗಳಲ್ಲಿ ವೈದ್ಯರು ಇದೇ ದುರಂತವನ್ನು ಕಂಡಿದ್ದರು. ಹಸಿವಿನಿಂದ ಸಾಯದ ಜೀವವು ಊಟದಿಂದ ಸಾಯಬಹುದೆಂಬುದು ವಿಚಿತ್ರವಾದರೂ ಸತ್ಯ.

ಆದುದರಿಂದ ಮೊದಲ ದಿನಗಳ ಆಹಾರವು ಪಶುವೈದ್ಯರ ಸಲಹೆಯಂತೆಯೇ ನಡೆಯಬೇಕು. 24 ಕಿಲೋಗ್ರಾಂ ತೂಗುವ ನಾಯಿಗೆ ವಿಶ್ರಾಂತಿಯಲ್ಲಿದ್ದಾಗ ದಿನಕ್ಕೆ ಸುಮಾರು 750ರಿಂದ 800 ಕ್ಯಾಲೊರಿ ಬೇಕು. ತೀರ ಸೊರಗಿದ ಪ್ರಾಣಿಗೆ ಇದರ ಕಾಲುಭಾಗ ಅಥವಾ ಮೂರನೆಯ ಒಂದು ಭಾಗದಿಂದ ಆರಂಭಿಸಿ, ದಿನಕ್ಕೆ ನಾಲ್ಕಾರು ಸಲ ಹಂಚಿ ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಏರಿಸುವುದು ರೂಢಿ. ಬರಿಯ ಅನ್ನಕ್ಕಿಂತ ಪ್ರೋಟೀನು ಮತ್ತು ಕೊಬ್ಬುಳ್ಳ ಆಹಾರವು ಹಿತ. ಚೇತರಿಸಿದ ಮೇಲೂ ಆಳವಾದ ಎದೆಯುಳ್ಳ ದೊಡ್ಡ ನಾಯಿಗಳಿಗೆ ಒಂದೇ ಹೊತ್ತು ಹೊಟ್ಟೆ ಬಿರಿಯುವಂತೆ ಉಣಿಸಬಾರದು. ಜಠರವು ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗುತ್ತದೆ.

ಇದರ ಜೊತೆಗೆ ಶರೀರದ ಇತರ ಬಾಧೆಗಳನ್ನೂ ಗಮನಿಸಬೇಕು. ಉಣ್ಣೆಗಳಿಂದ ಬರುವ ಜ್ವರ, ಸೊಳ್ಳೆಗಳಿಂದ ಹರಡುವ ಹೃದಯದ ಹುಳು, ಕರುಳಿನ ಜಂತು, ಕಜ್ಜಿ ಇವುಗಳ ಪರೀಕ್ಷೆ ಅವಶ್ಯಕ. ಭಾರವಾದ ನಾಯಿಯು ಬರಿಯ ಕಲ್ಲುನೆಲದ ಮೇಲೆ ಮಲಗಿ ಮೊಣಕೈಗಳಲ್ಲಿ ಹುಣ್ಣಾಗಿರುವುದುಂಟು. ಅದಕ್ಕೆ ಮೆತ್ತನೆಯ ಹಾಸಿಗೆಯೇ ಔಷಧಿಯ ಅರ್ಧಭಾಗ. ಹುಚ್ಚುನಾಯಿ ರೋಗದ ಲಸಿಕೆಯನ್ನಂತೂ ಮರೆಯಲಾಗದು.

ಶರೀರಕ್ಕಿಂತ ನಿಧಾನವಾಗಿ ಮಾಯುವುದು ಮನಸ್ಸಿನ ಗಾಯ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಇಂದಿನ ಕಣ್ಣಿಗೆ ಅದು ಕ್ರೂರವೂ ಹೌದು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಗಿಡ್ಡ ತಡೆಗೋಡೆಯನ್ನು ಹಾರಿದರೆ ಪಾರಾಗಬಹುದಾಗಿದ್ದ ಸಂದರ್ಭದಲ್ಲಿಯೂ ಮಲಗಿ ನೋವನ್ನು ಸಹಿಸಿದವು. ಇದನ್ನು ಕಲಿತ ಅಸಹಾಯಕತೆಯೆಂದು ಕರೆದರು. ಆದರೆ ಅದೇ ವಿದ್ವಾಂಸರು 2016ರಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ದೀರ್ಘ ಸಂಕಟದಲ್ಲಿ ಕುಸಿದು ಸುಮ್ಮನಾಗುವುದು ಪ್ರಾಣಿಯ ಮೂಲ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ. ಕಲಿಯಬೇಕಾದುದು ತನ್ನ ನಡೆಯಿಂದ ತನ್ನ ಸ್ಥಿತಿ ಬದಲಾಗಬಲ್ಲದೆಂಬ ಅರಿವನ್ನು.

ಮೂಲೆಯಲ್ಲಿ ಮುದುಡಿ ಕುಳಿತ ನಾಯಿಯನ್ನು ಸಾಕುವವರಿಗೆ ಈ ತಿದ್ದುಪಡಿಯೇ ದಾರಿದೀಪ. ಅದನ್ನು ಬಲವಂತದಿಂದ ಎಳೆದು ಅಪ್ಪಿ ಮುದ್ದಿಸುವುದು ಪ್ರೀತಿಯಂತೆ ಕಂಡರೂ ಅದರ ಇಚ್ಛೆಯನ್ನು ಮತ್ತೊಮ್ಮೆ ಕಸಿದಂತೆಯೇ. ನಿಗದಿತ ಹೊತ್ತಿಗೆ ಊಟ, ನಿಗದಿತ ಹೊತ್ತಿಗೆ ನಡಿಗೆ, ಹಿಂದೆ ಸರಿಯಲು ಸದಾ ತೆರೆದ ಒಂದು ಜಾಗ ಇವಿಷ್ಟನ್ನು ಒದಗಿಸಿ, ಕಣ್ಣಿಟ್ಟು ದಿಟ್ಟಿಸದೆ ಓರೆಯಾಗಿ ಕುಳಿತು ಕಾಯಬೇಕು. ಅದು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಾಗ ತುತ್ತೊಂದು ದೊರೆಯಬೇಕು. ಹಿಂಜರಿದಾಗ ಯಾರೂ ಬೆನ್ನಟ್ಟಬಾರದು. ಹಸಿವನ್ನು ಕಂಡ ನಾಯಿಯು ಉಣ್ಣುವಾಗ ಗುರುಗುಟ್ಟುವುದು ದುಷ್ಟತನವಲ್ಲ, ಕಳೆದುಕೊಳ್ಳುವ ಭೀತಿ. ಆಗ ಹೊಡೆದರೆ ಭೀತಿ ದೃಢವಾಗುತ್ತದೆ. ಆದರೂ ದೊಡ್ಡ ನಾಯಿಯ ದವಡೆಯ ಬಲವನ್ನು ಹಗುರವಾಗಿ ಎಣಿಸದೆ, ಆ ಹೊತ್ತಿನಲ್ಲಿ ಮಕ್ಕಳನ್ನು ದೂರವಿಡುವುದು ವಿವೇಕ.

ಮೊದಲ ಮೂರು ದಿನ ದಿಗಿಲು, ಮೂರು ವಾರ ಮನೆಯ ಪರಿಚಯ, ಮೂರು ತಿಂಗಳಿಗೆ ನಂಬಿಕೆ ಎಂಬುದು ಪ್ರಾಣಿರಕ್ಷಕರ ವಲಯದಲ್ಲಿ ಪ್ರಚಲಿತವಾಗಿರುವ ಸ್ಥೂಲ ಲೆಕ್ಕ. ಕೆಲವಕ್ಕೆ ವರ್ಷವೂ ಸಾಲದು. ಆದುದರಿಂದ ದತ್ತು ಪಡೆಯುವವರು ತಮ್ಮ ಮರುಕವನ್ನು ಅಳೆದುಕೊಂಡರೆ ಸಾಲದು. ಬಿಡುವು, ಸ್ಥಳ, ವೈದ್ಯವೆಚ್ಚ, ಮನೆಯವರೆಲ್ಲರ ಒಪ್ಪಿಗೆ ಇವನ್ನೂ ಅಳೆದುಕೊಳ್ಳಬೇಕು. ಒಮ್ಮೆ ತ್ಯಜಿಸಲ್ಪಟ್ಟ ಜೀವಿಯನ್ನು ಎರಡನೆಯ ಸಲ ತ್ಯಜಿಸುವುದು ಮೊದಲಿನದಕ್ಕಿಂತ ದೊಡ್ಡ ಅನ್ಯಾಯ. ಇಷ್ಟೆಲ್ಲ ಸಿದ್ಧತೆಯಿಂದ ಕೈಹಿಡಿದವರು, ತಲೆಯೆತ್ತಲೂ ಅಂಜುತ್ತಿದ್ದ ನಾಯಿಯು ಒಂದು ಮುಂಜಾನೆ ತಾನಾಗಿ ಎದ್ದು ಬಂದು ಬಾಗಿಲ ಬಳಿ ನಡಿಗೆಗಾಗಿ ಕಾದು ನಿಲ್ಲುವುದನ್ನು ಕಾಣಬಲ್ಲರು. ತನ್ನ ಬಯಕೆಗೂ ಬೆಲೆಯುಂಟೆಂದು ಅದು ಅರಿತುಕೊಂಡ ಆ ದಿನವೇ ಅದರ ನಿಜವಾದ ಬಿಡುಗಡೆಯ ದಿನ.