ನಿಮಗಿದು ಗೊತ್ತೇ? ಚೆನ್ನಮ್ಮನ ಅಂಚೆಚೀಟಿ, ರಾಮದುರ್ಗದ ಸ್ಟ್ಯಾಂಪು

ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ ಚಿತ್ರವಿರುವ 1952ರ ರಟ್ಟಿನ ಕಾರ್ಡೊಂದು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! ಮಕ್ಕಳ ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದ ಕಾರ್ಡು ಅದು. ಖರ್ಚಾಗದೆ ಗೋದಾಮಿನಲ್ಲಿ ಉಳಿದಿದ್ದ 1952ರ ಪೆಟ್ಟಿಗೆಗಳನ್ನು ಕಾರ್ಡು ತಯಾರಿಸಿದ ಟಾಪ್ಸ್ ಕಂಪನಿಯವರೇ 1960ರಲ್ಲಿ ಒಯ್ದು ಸಮುದ್ರಕ್ಕೆ ಸುರಿದಿದ್ದರು.

ನಮ್ಮಲ್ಲೂ ಇಂಥದ್ದಿತ್ತು. ಬಿಗ್ ಫನ್ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಅದರ ಮೇಲಿನ ರನ್ನು, ವಿಕೆಟ್ಟು ಕೂಡಿಸಿ ಬಹುಮಾನ ಪಡೆಯಬೇಕಿತ್ತು. ಒಬ್ಬ ಕಪಿಲ್ ದೇವ್‌ಗೆ ಬದಲು ಎಷ್ಟು ಚಿತ್ರ ಕೊಡಬೇಕೆಂಬ ಜಗಳ ಶಾಲೆಯ ಗಂಟೆ ಹೊಡೆದರೂ ಮುಗಿಯುತ್ತಿರಲಿಲ್ಲ.

ಇನ್ನು ಅಂಚೆಚೀಟಿಗಳ ಮಾತು. ಕಿತ್ತೂರು ರಾಣಿ ಚೆನ್ನಮ್ಮನ ಅಂಚೆಚೀಟಿ ಬಿಡುಗಡೆಯಾದದ್ದು 1977ರ ಅಕ್ಟೋಬರ್ 23ರಂದು, ಬೆಲೆ 25 ಪೈಸೆ. ದಿನಾಂಕ ಸುಮ್ಮನೆ ಬಂದದ್ದಲ್ಲ. 1824ರ ಅದೇ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯೆದುರು ರಾಣಿಯ ಪಡೆಯೊಂದಿಗಿನ ಕಾಳಗದಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಆ ವಿಜಯಕ್ಕೆ 200 ವರ್ಷ ತುಂಬಿದ 2024ರಲ್ಲಿ ಅಂಚೆ ಇಲಾಖೆ ಮತ್ತೊಂದು ಚೀಟಿ ತಂದಿತು. ಎರಡನ್ನೂ ಜೋಡಿಯಾಗಿ ಇಟ್ಟುಕೊಂಡರೆ ಚೆಂದ. ಆದರೆ 1977ರ ಚೀಟಿಯಿಂದ ಸಾಹುಕಾರರಾಗುವ ಆಸೆ ಬೇಡ. ಅದು ಧಾರಾಳವಾಗಿ ಅಚ್ಚಾದದ್ದು, ಇಂದಿಗೂ ಅಗ್ಗಕ್ಕೇ ಸಿಗುತ್ತದೆ.

ಬೆಲೆ ಬರುವುದು ಎಷ್ಟು ಉಳಿದಿದೆ ಎಂಬುದರ ಮೇಲೆ. 1948ರ ಹತ್ತು ರೂಪಾಯಿಯ ಗಾಂಧೀಜಿ ಚೀಟಿಯಲ್ಲಿ ‘ಸರ್ವಿಸ್’ ಎಂಬ ಮುದ್ರೆಯೊತ್ತಿದ್ದು ಬರೀ 100. ಅವುಗಳಲ್ಲಿ ನಾಲ್ಕರ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಹೋಯಿತು.

ರಾಮದುರ್ಗದವರೇ, ಸ್ವಲ್ಪ ಇತ್ತ ನೋಡಿ. ಭಾವೆ ಮನೆತನ ಆಳುತ್ತಿದ್ದ ನಿಮ್ಮ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ದಖನ್ನಿನ ಇನ್ನೊಂದು ಸಂಸ್ಥಾನ ಭೋರ್ 1879ರಲ್ಲೇ ಸ್ವಂತ ಅಂಚೆಚೀಟಿ ಹೊರಡಿಸಿತ್ತು; ರಾಮದುರ್ಗಕ್ಕೆ ಆ ಭಾಗ್ಯವಿರಲಿಲ್ಲ. ಆದರೆ ಸಂಸ್ಥಾನದ್ದೇ ಕೋರ್ಟ್ ಫೀ ಸ್ಟ್ಯಾಂಪುಗಳಿದ್ದವು. ಅವನ್ನು ಹುಡುಕಿಕೊಂಡು ಬರುವ ಸಂಗ್ರಾಹಕರು ಈಗಲೂ ಇದ್ದಾರೆ. ಅಜ್ಜನ ಕಾಲದ ಹೊಲದ ಕಾಗದಪತ್ರ, ದಾವೆಯ ದಾಖಲೆಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಕಂಡರೆ ಸ್ಟ್ಯಾಂಪನ್ನಷ್ಟೇ ಕತ್ತರಿಸಿ ತೆಗೆಯಬೇಡಿ, ಇಡೀ ಕಾಗದಕ್ಕೇ ಹೆಚ್ಚು ಬೆಲೆ. ಹೊಲದ ಹಕ್ಕಿನ ಪತ್ರವಾಗಿದ್ದರಂತೂ ಮಾರುವ ಮಾತೇ ಬೇಡ!

ಮತ್ತೆ ಚೆನ್ನಮ್ಮನ ಕಡೆಗೆ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಸಿನಿಮಾ ತೆರೆಕಂಡದ್ದು 1961ರಲ್ಲಿ, ರಾಣಿಯಾಗಿ ಬಿ. ಸರೋಜಾದೇವಿ. ಆ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲೇ ಮಾರುತ್ತಿದ್ದ ಹಾಡಿನ ಪುಸ್ತಕಗಳು ಇಂದು ಸಂಗ್ರಾಹಕರ ಕಪಾಟು ಸೇರಿವೆ.

ಕಡ್ಡಿಪೆಟ್ಟಿಗೆಯ ಲೇಬಲ್ಲಿಗೂ ಗಿರಾಕಿಗಳುಂಟು. ನೂರು ವರ್ಷದ ಹಿಂದೆ ನಮ್ಮ ದೇವರುಗಳ ಚಿತ್ರ ಹೊತ್ತ ಕಡ್ಡಿಪೆಟ್ಟಿಗೆಗಳು ಸ್ವೀಡನ್, ಜಪಾನುಗಳಿಂದ ಹಡಗಿನಲ್ಲಿ ಬರುತ್ತಿದ್ದವು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮಾರುವ ದೇವಿಯ ಪಟಗಳನ್ನು ಮಾತ್ರ ಆಲ್ಬಮ್ಮಿಗೆ ಸೇರಿಸಿದವರು ಅಪರೂಪ. ಅವು ನೇರ ಜಗಲಿಗೆ ಹೋಗುತ್ತವೆ, ಕುಂಕುಮ-ಭಂಡಾರದಲ್ಲಿ ಮುಳುಗುತ್ತವೆ. ಹಳೆಯವು ಚೊಕ್ಕಟವಾಗಿ ಉಳಿಯುವುದು ಹೇಗೆ?

ಒಂದು ಎಚ್ಚರಿಕೆ: ಹಳೆಯ ಲಕೋಟೆಯ ಚೀಟಿಯನ್ನು ನೀರಲ್ಲಿ ನೆನೆಸಿ ಕೀಳುವ ಮುನ್ನ ಅಂಚೆ ಮುದ್ರೆ ಓದಿ. ಊರು, ತಾರೀಖು ಸ್ಪಷ್ಟವಾಗಿದ್ದರೆ ಲಕೋಟೆ ಹಾಗೇ ಇರಲಿ. ಆಲ್ಬಮ್ಮಿಗೆ ಗೋಂದು ಹಚ್ಚಲೇಬಾರದು.

ಮಕ್ಕಳಿಗೆ ಈ ಹವ್ಯಾಸದಿಂದ ದುಡ್ಡೂ ಬರಬಹುದು. 2017ರಲ್ಲಿ ಆರಂಭವಾದ ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ 6ರಿಂದ 9ನೇ ತರಗತಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವಿದೆ. ಶಾಲೆಯ ಅಂಚೆಚೀಟಿ ಕ್ಲಬ್ಬಿನ ಸದಸ್ಯತ್ವ ಬೇಕು. ಕ್ಲಬ್ ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಅಂಚೆಚೀಟಿ ಸಂಗ್ರಹದ ಠೇವಣಿ ಖಾತೆ ಇದ್ದರೂ ನಡೆದೀತು. ವಿವರ ಪ್ರಧಾನ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಕೇಳಿ ನೋಡಿ.