ಚಳಿಯ ಮುಂಜಾನೆ ಕಾರಿನ ಎಂಜಿನ್ ನಡುಗುವುದೇಕೆ?

ಹಾಸನ, ದುದ್ದ, ಚನ್ನರಾಯಪಟ್ಟಣಗಳ ಸುತ್ತಲಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 850ರಿಂದ 950 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಇಲ್ಲಿ ಮುಂಜಾನೆಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಇಂಥ ದಿನಗಳಲ್ಲಿ ಕೆಲವು ಪೆಟ್ರೋಲ್ ಕಾರುಗಳ ಎಂಜಿನ್ ಚಾಲೂ ಆದೊಡನೆ ಗಡಗಡ ನಡುಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಿಂತೇ ಹೋಗುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತದೆ. ಗ್ಯಾರೇಜ್ ತಲಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುವುದರಿಂದ ಮೆಕ್ಯಾನಿಕ್‌ಗೆ ದೋಷ ಕಾಣುವುದೇ ಇಲ್ಲ! ಅಂದಾಜಿನ ಮೇಲೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಸಾವಿರಾರು ರೂಪಾಯಿ ವ್ಯರ್ಥ.

ತಣ್ಣಗಿರುವ ಎಂಜಿನ್‌ನ ಕಷ್ಟ

ಪೆಟ್ರೋಲ್ ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಒಂದು ಕಿಲೋಗ್ರಾಂ ಪೆಟ್ರೋಲಿನ ಪೂರ್ಣ ದಹನಕ್ಕೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಸಿಂಪಡಿಸಿದ ಪೆಟ್ರೋಲಿನ ಒಂದು ಪಾಲು ಆವಿಯಾಗದೆ ಗಾಳಿ ಕೊಳವೆ ಮತ್ತು ಸಿಲಿಂಡರ್‌ನ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಆವಿ ಸಾಲದೆ ಮಿಶ್ರಣ ಸಪ್ಪೆಯಾಗುತ್ತದೆ. ಜೊತೆಗೆ ಎಂಜಿನ್ ಆಯಿಲ್ ಮಂದವಾಗಿರುವುದರಿಂದ ಘರ್ಷಣೆಯೂ ಹೆಚ್ಚು.

ಇದಕ್ಕೆ ಪರಿಹಾರವೆಂದರೆ ಎಂಜಿನ್ ಬಿಸಿಯಾಗುವವರೆಗೆ ಹೆಚ್ಚು ಪೆಟ್ರೋಲ್ ಕೊಟ್ಟು, ತುಸು ವೇಗವಾಗಿ ತಿರುಗಿಸುವುದು. 1983ರಲ್ಲಿ ಬಂದ ಮಾರುತಿ 800ರಂತಹ ಕಾರ್ಬುರೇಟರ್ ಕಾರುಗಳಲ್ಲಿ ಚಾಲಕನೇ ಚೋಕ್ ಎಳೆದು ಈ ಕೆಲಸ ಮಾಡುತ್ತಿದ್ದ. ಅನಂತರ ಬಂದ ಇಂಜೆಕ್ಷನ್ ಕಾರುಗಳಲ್ಲಿ ಇದು ಕಂಪ್ಯೂಟರ್‌ನ ಹೊಣೆ. ಬಿಸಿಯಾದಾಗ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುವ ಎಂಜಿನ್, ತಣ್ಣಗಿದ್ದಾಗ 1200 ಸುತ್ತು ಅಥವಾ ಇನ್ನೂ ಹೆಚ್ಚು ತಿರುಗುವುದು ಸಹಜ.

2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡ 20ನ್ನು ತಲಪಿತು. ಆವಿಯಾಗಲು ಎಥನಾಲ್ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಆದರೂ 15 ಡಿಗ್ರಿಯೆಂಬುದು ಎಂಜಿನ್‌ಗೆ ದೊಡ್ಡ ಚಳಿಯಲ್ಲ. ಹಿಮ ಬೀಳುವ ನಾಡುಗಳಲ್ಲೂ ಆರೋಗ್ಯವಂತ ಎಂಜಿನ್ ಸಲೀಸಾಗಿ ಓಡುತ್ತದೆ. ಹಾಗಾಗಿ ನಮ್ಮಲ್ಲಿ ಎಂಜಿನ್ ನಡುಗಿದರೆ ಚಳಿಯನ್ನು ದೂರಿ ಪ್ರಯೋಜನವಿಲ್ಲ. ಎಲ್ಲೋ ಇದ್ದ ದೋಷವನ್ನು ಚಳಿ ಬಯಲು ಮಾಡಿದೆ, ಅಷ್ಟೆ.

ದೋಷ ಪತ್ತೆ ಹೇಗೆ?

ಮೊದಲ ನಿಯಮ: ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಮುಂಜಾನೆ ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಎಚ್ಚರಿಕೆಯ ದೀಪ ಹೊತ್ತಿದ್ದರೆ ಬ್ಯಾಟರಿ ಕಳಚುವ ಮುನ್ನ ಸ್ಕ್ಯಾನರ್‌ನಿಂದ ದೋಷ ಸಂಕೇತಗಳನ್ನು ಓದಿಕೊಳ್ಳಬೇಕು. ಬ್ಯಾಟರಿ ಕಳಚಿದರೆ ಅವು ಅಳಿಸಿಹೋಗಬಹುದು.

ಎರಡನೆಯದು ಉಷ್ಣತಾ ಸಂವೇದಕ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್‌ನ ನೀರು ಮತ್ತು ಒಳಬರುವ ಗಾಳಿ, ಎರಡರ ಉಷ್ಣತೆಯೂ ಹೊರಗಿನ ಉಷ್ಣತೆಗೆ ಹತ್ತಿರವಿರಬೇಕು. ಹೊರಗೆ 15 ಡಿಗ್ರಿ ಇರುವಾಗ ಸ್ಕ್ಯಾನರ್ ನೀರಿನ ಉಷ್ಣತೆ 60 ಎಂದು ತೋರಿಸಿದರೆ ಕಳ್ಳ ಸಿಕ್ಕಂತೆಯೇ! ಎಂಜಿನ್ ಬಿಸಿಯಾಗಿದೆಯೆಂದು ಭಾವಿಸಿ ಕಂಪ್ಯೂಟರ್ ಪೆಟ್ರೋಲನ್ನು ಕಡಿಮೆ ಕೊಡುತ್ತಿದೆ. ಉಷ್ಣತೆ ಏರಿದಂತೆ ಈ ಸಂವೇದಕದ ವಿದ್ಯುತ್ ರೋಧ ಇಳಿಯುತ್ತದೆ. ತಂತಿಯ ಜೋಡಣೆ ಕಿಲುಬು ಹಿಡಿದರೆ ರೋಧ ಹೆಚ್ಚಿ, ಇಲ್ಲದ ಚಳಿ ಇದೆಯೆಂಬ ತಪ್ಪು ಸುದ್ದಿ ಹೋಗುತ್ತದೆ. ಆಗ ಪೆಟ್ರೋಲ್ ಅತಿಯಾಗಿ ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುತ್ತದೆ.

ಮೂರನೆಯದು ಗಾಳಿಯ ಸೋರಿಕೆ. ಹಳೆಯ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳು ಚಳಿಗೆ ಬಿರುಸಾಗಿ ಕುಗ್ಗುತ್ತವೆ. ಸಂದಿಯಿಂದ ನುಗ್ಗಿದ ಲೆಕ್ಕಕ್ಕೆ ಸಿಗದ ಗಾಳಿ ಮಿಶ್ರಣವನ್ನು ಇನ್ನಷ್ಟು ಸಪ್ಪೆ ಮಾಡುತ್ತದೆ. ಬಿಸಿಯಾದಾಗ ರಬ್ಬರ್ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಬುಸ್ ಎನ್ನುವ ಸದ್ದು ಇದರ ಸುಳಿವು. ಸೋರಿಕೆ ಹುಡುಕಲು ಪೆಟ್ರೋಲ್ ಎರಚುವ ಅಪಾಯಕಾರಿ ರೂಢಿ ಬೇಡ; ಕೊಳವೆಗಳಿಗೆ ಹೊಗೆ ತುಂಬಿ ನೋಡುವ ಪರೀಕ್ಷೆ ಸುರಕ್ಷಿತ.

ನಾಲ್ಕನೆಯದು ಥ್ರಾಟಲ್. ಅದರ ಅಂಚಿನಲ್ಲಿ ಮಸಿ ಕಟ್ಟಿದರೆ ಐಡ್ಲಿಂಗ್‌ಗೆ ಬೇಕಾದ ಗಾಳಿಯ ದಾರಿ ಕಿರಿದಾಗುತ್ತದೆ. ಇದಕ್ಕೆ ಸ್ವಚ್ಛಗೊಳಿಸುವುದೇ ಮದ್ದು.

ಐದನೆಯದು ಪ್ಲಗ್. ತಿಳಿ ಕಂದು ಬಣ್ಣವಿದ್ದರೆ ದಹನ ಸರಿಯಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಅತಿಯಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ, ಅಂದರೆ ‘ಮಿಸ್ಸಿಂಗ್’ ಇದೆ.

ಕಾದು ನೋಡೋಣವೆಂದು ಬಿಡಬಹುದೆ?

ಬಿಡಬಾರದು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಸವಕಳಿ ಹೆಚ್ಚಿಸುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಅದು ಉರಿದರೆ ಆ ದುಬಾರಿ ಭಾಗವೇ ಹಾಳಾಗಬಹುದು.

ಇನ್ನೊಂದು ಅಪಾಯ ಪ್ರಾಣಕ್ಕೇ ಸಂಬಂಧಿಸಿದ್ದು. ಈ ಕನ್ವರ್ಟರ್ ಚೆನ್ನಾಗಿ ಬಿಸಿಯಾಗುವವರೆಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ತಣ್ಣಗಿನ ಎಂಜಿನ್‌ನಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಹೊರಬರುತ್ತದೆ. ಬಣ್ಣ, ವಾಸನೆ ಇಲ್ಲದ ಈ ಅನಿಲ ರಕ್ತದ ಹೀಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಚಳಿಯೆಂದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಸಿಮಾಡುವುದು ಸಾವನ್ನು ಆಹ್ವಾನಿಸಿದಂತೆ. ಕಾರನ್ನು ಬಯಲಿಗೆ ತಳ್ಳಿ, ಅನಂತರವೇ ಚಾಲೂ ಮಾಡಿ ಪರೀಕ್ಷೆ ಆರಂಭಿಸಿ.